ಅಂಗಳದಲ್ಲಿ ಬಂದ ನಗು

ಹರದನಹಳ್ಳಿ
9 ಫೆಬ್ರವರಿ 2025

ಅಪ್ಪನಿಗೆ ವನಿತಾಳ ನಮಸ್ಕಾರ.

ಫೋನ್ ಮಾಡಿದರೆ ನೀನು ಎತ್ತುತ್ತೀಯ, ಆದರೆ ಉಸಿರು ಮಾತ್ರ ಕೇಳಿಸುತ್ತದೆ. ‘ಅಪ್ಪಾ, ಅಪ್ಪಾ’ ಎಂದು ಕೂಗಿ ಕೂಗಿ ನಾನೇ ಇಡುತ್ತೇನೆ. ನೀನು ಮಾದಪ್ಪನ ಮೇಲೆ ಆಣೆ ಇಟ್ಟಿದ್ದು ನನ್ನ ಜೊತೆ ಮಾತಾಡುವುದಿಲ್ಲ ಎಂದು ತಾನೇ? ಕಾಗದ ಬರೆಯುವುದಿಲ್ಲ ಎಂದೇನೂ ಅಲ್ಲವಲ್ಲ. ಬಂಡೀಪುರದಲ್ಲಿ ವಾಚರ್ ಆಗಿದ್ದಾಗ ಆನೆ ಎಲ್ಲಿ ಲದ್ದಿ ಹಾಕಿತು ಎನ್ನುವುದನ್ನೂ ಬರೆದಿಡುತ್ತಿದ್ದವನು ನೀನು. ಮಗಳಿಗೆ ನಾಲ್ಕು ಸಾಲು ಬರೆಯಲಾರೆಯಾ?

ಆವತ್ತು ಗುಂಡ್ಲುಪೇಟೆ ಆಸ್ಪತ್ರೆಯಿಂದ ಶಾಂತಣ್ಣನ ಹೆಣ ತಂದು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದಿರಿ. ನಾನು ಬಸ್ಸಿಳಿದು ಓಡಿ ಬಂದೆ. ದಾರಿಯುದ್ದಕ್ಕೂ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ, ಕೈಕಾಲು ಮಾತ್ರ ತಣ್ಣಗಾಗಿದ್ದವು. ಜನರನ್ನು ಸರಿಸಿ ಮುಂದೆ ಹೋಗಿ ಅಣ್ಣನ ಮುಖ ನೋಡಿದೆ. ನಗು ಬಂತು. ಮುಸಿಮುಸಿ ನಗು ಅಲ್ಲ, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ಬಾಯಿಗೆ ಸೆರಗು ತುರುಕಿಕೊಂಡರೆ ಮೂಗಿನಿಂದ ಬಂತು. ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ನನ್ನನ್ನೇ ನೋಡಿದರು.

‘ನಗೋ ಹೆಂಗುಸ್ನ ನಂಬಬಾರ್ದು ಅಂತ ಇರೀಕ್ರು ಸುಮ್ಕೆ ಯೋಳ್ಳಿಲ್ಲ ಕಣ್ಲಾ’ ಎಂದು ಊರ ಯಜಮಾನ ಚಿಕ್ಕಬೀರಯ್ಯ ಅಂದಿದ್ದು ನನಗೂ ಕೇಳಿಸಿತು. ಆಗ ನೀನು ಎದ್ದು ಬಂದೆ. ಅಣ್ಣನ ಮುಂದೆ ಉರಿಯುತ್ತಿದ್ದ ಕರ್ಪೂರದ ಮೇಲೆ ಅಂಗೈ ಇಟ್ಟು, ‘ಮಾದಪ್ನಾಣೆಗೂ ಇವ್ಳ ಕೂಡೆ ಇನ್ ಒಂದ್ ಮಾತಾಡಕ್ಕಿಲ್ಲ’ ಎಂದೆ.

ತಿಥಿಗೂ ನನ್ನನ್ನು ಕರೆಯಲಿಲ್ಲ. ಇರಲಿ. ಹೊಲ ಮನೆ ಯಾವುದೂ ನನಗೆ ಬೇಡ. ಹಿರಿಯರ ಹಬ್ಬಕ್ಕೆ ಅಣ್ಣನಿಗೆ ಎಡೆ ಇಡುವಾಗ ಒಂದು ಸಲ ಅದರ ಮುಂದೆ ಕೂರಬೇಕು. ಅಷ್ಟಕ್ಕೆ ಬಿಡು, ಅಪ್ಪಾ.

ನಿನ್ನ ಮಗಳು
ವನಿತಾ


ಹಂಗಳ
1 ಮಾರ್ಚ್ 2025

ವನಿತಾಳಿಗೆ,

ಕಾಗದ ಬಂತು. ಬರೆಯಬಹುದೇ ಎಂದು ಚಿಕ್ಕಬೀರಯ್ಯನನ್ನು ಕೇಳಿದೆ. ‘ಆಣೆ ನಾಲ್ಗೆಗ್ ಕಣ್ಲಾ ರಾಚ, ಕೈಗಲ್ಲ. ಬರ್ಕೋ ಓಗು’ ಎಂದ. ಅದಕ್ಕೆ ಬರೆಯುತ್ತಿದ್ದೇನೆ. ಮನಸ್ಸು ಕರಗಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ.

ಅವನು ಇನ್ನೊಂದು ಮಾತೂ ಹೇಳಿದ. ಹೆಣದ ಮುಂದಿನ ಕರ್ಪೂರ ಮುಟ್ಟಿ ದೇವರ ಆಣೆ ಇಡುವುದು ಎಲ್ಲೂ ಇಲ್ಲವಂತೆ. ಅಂಥ ಆಣೆ ಅರ್ಧ ದೇವರಿಗೆ ಸೇರುತ್ತದೆ, ಅರ್ಧ ಹೆಣಕ್ಕೆ ಸೇರುತ್ತದೆ, ಬಿಡಿಸಿಕೊಳ್ಳುವುದು ಕಷ್ಟ ಎಂದ. ನನಗೇನೂ ಬಿಡಿಸಿಕೊಳ್ಳುವ ಅವಸರವಿಲ್ಲ.

ನಿನ್ನನ್ನು ಕೇಳುವುದು ಒಂದೇ. ಯಾಕೆ ನಕ್ಕೆ? ಬಂಡೀಪುರದ ಗೇಟು ರಾತ್ರಿ ಮುಚ್ಚಿಬಿಡುತ್ತಾರೆ ಎಂದು ಎಲೆಕೋಸಿನ ಲೋಡು ಹಾಕಿಕೊಂಡು ಓಡಿದ ಹುಡುಗ, ತಿರುವಿನಲ್ಲಿ ಟೆಂಪೊ ಮಗುಚಿ ಸತ್ತ. ನಿನ್ನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವನು. ಅವನ ಮುಖ ನೋಡಿದರೆ ನಿನಗೆ ನಗು ಬರುವಂಥದ್ದು ಏನಿತ್ತು? ಊರಲ್ಲಿ ಒಬ್ಬರು ಆಸ್ತಿಗೆ ಎನ್ನುತ್ತಾರೆ, ಒಬ್ಬರು ದೆವ್ವ ಹಿಡಿದಿದೆ ಎನ್ನುತ್ತಾರೆ. ನಿನ್ನ ಅತ್ತಿಗೆ ಎರಡನ್ನೂ ಅನ್ನುವುದಿಲ್ಲ. ಅನ್ನ ತಟ್ಟೆಗೆ ಹಾಕಿಕೊಂಡು, ಎರಡು ತುತ್ತಾಗುವುದರೊಳಗೆ ಎದ್ದು ಹೋಗಿ ಕಾರಿಕೊಳ್ಳುತ್ತಾಳೆ. ನಿನ್ನ ನಗು ಕಿವಿಯಲ್ಲೇ ಕೂತಿದೆಯಂತೆ.

ಕೇಳಿದ್ದಕ್ಕೆ ಉತ್ತರ ಬರೆ. ಬೇರೆ ಪುರಾಣ ಬೇಡ.

ರಾಚಯ್ಯ


ಹರದನಹಳ್ಳಿ
14 ಮಾರ್ಚ್ 2025

ಅಪ್ಪಾ,

ಯಾಕೆ ನಕ್ಕೆ ಎಂದು ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಆವತ್ತೇ ನಿನ್ನ ಕಾಲು ಹಿಡಿದು ಹೇಳುತ್ತಿದ್ದೆ.

ನಮ್ಮ ಅಂಗನವಾಡಿಗೆ ಒಂದು ಹುಡುಗಿ ಬರುತ್ತಾಳೆ. ಅವಳಪ್ಪ ಕುಡಿದು ಬಾಗಿಲಲ್ಲಿ ನಿಂತು ಕೂಗಿದರೆ ಸಾಕು, ಕೂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾಳೆ. ನಾನು ಬಯ್ಯುವುದಿಲ್ಲ, ಆಯಾ ಪುಟ್ಟಬಸಮ್ಮನೂ ಬಯ್ಯುವುದಿಲ್ಲ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಚಡ್ಡಿ ಬದಲಾಯಿಸುತ್ತೇವೆ. ಮಗು ಬೇಕೆಂದು ಮಾಡಿತೇ? ಭಯ ಹುಟ್ಟಿದ್ದು ಎದೆಯಲ್ಲಿ, ಹೊರಗೆ ಬಂದಿದ್ದು ಬೇರೆ ದಾರಿಯಲ್ಲಿ.

ಮಕ್ಕಳನ್ನು ನೋಡಲು ಬರುವ ಡಾಕ್ಟರಮ್ಮನನ್ನು, ಬೇರೆ ಯಾರದ್ದೋ ವಿಷಯ ಎಂಬಂತೆ ಕೇಳಿದೆ. ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು ಎಂದು ಕಾಣುತ್ತದೆ. ‘ದೊಡ್ಡ ದುಃಖ ಬಿದ್ದಾಗ ತಲೆ ಅದೇನೆಂದು ಅರ್ಥ ಮಾಡಿಕೊಳ್ಳುವ ಮೊದಲೇ ಮೈ ಕೆಲಸ ಶುರು ಮಾಡಿರುತ್ತೆ. ಎದೆ ಹೊಡ್ಕೊಳ್ಳುತ್ತೆ, ಉಸಿರು ಕಟ್ಟುತ್ತೆ. ಒಳಗಿನ ಒತ್ತಡ ಹೇಗಾದ್ರೂ ಹೊರಗೆ ಬರ್ಬೇಕು. ಅಳುವಾಗ್ಲೂ ನಗುವಾಗ್ಲೂ ಕುಲುಕೋದು ಅದೇ ಹೊಟ್ಟೆ, ಅದೇ ಗಂಟಲು ತಾನೇ? ಒಂದೊಂದ್ಸಲ ದಾರಿ ತಪ್ಪುತ್ತೆ’ ಎಂದರು. ನಾವು ಸುಮ್ಮನೆ ಆಡುವ ಮಾತಲ್ಲೂ ಅದೇ ಇದೆ ನೋಡು. ಹೊಟ್ಟೆ ಉರಿಯಿತು, ಕರುಳು ಕಿತ್ತು ಬಂತು, ಎದೆ ಒಡೆಯಿತು ಎನ್ನುತ್ತೇವೆಯೇ ಹೊರತು ಬುದ್ಧಿ ಒಡೆಯಿತು ಎಂದು ಯಾರೂ ಅನ್ನುವುದಿಲ್ಲ.

ಆವತ್ತಿನಿಂದ ನನಗೆ ಅಳು ಬಂದಿಲ್ಲ. ಕಣ್ಣು ಒಣಗಿ ಮರಳು ಹಾಕಿದ ಹಾಗೆ ಉರಿಯುತ್ತದೆ. ಗುಂಡ್ಲುಪೇಟೆ ಬೋರ್ಡಿನ ಬಸ್ಸು ಕಂಡರೆ ಕುತ್ತಿಗೆಯ ಸುತ್ತ ದದ್ದು ಏಳುತ್ತದೆ. ನಿಮ್ಮಳಿಯ ಮುಲಾಮು ತಂದು ಕೊಟ್ಟಿದ್ದಾರೆ, ಏನೂ ಆಗಿಲ್ಲ. ಸುಳ್ಳು ಎನ್ನುವುದಾದರೆ ಬಂದು ನೋಡು.

ವನಿತಾ


ಹಂಗಳ
20 ಏಪ್ರಿಲ್ 2025

ವನಿತಾಳಿಗೆ,

ಡಾಕ್ಟರಮ್ಮನ ಮಾತು ಓದಿದೆ. ಅವರು ಹೇಳುವ ಮೊದಲೇ ನಾನು ಕಾಡಿನಲ್ಲಿ ನೋಡಿದ್ದೇನೆ. ಹುಲಿ ಎದುರಿಗೆ ಬಂದರೆ ಜಿಂಕೆ ಒಂದೊಂದು ಸಲ ಓಡುವುದೇ ಇಲ್ಲ, ಕಾಲು ನೆಲಕ್ಕೆ ಕೀಲಿಸಿದ ಹಾಗೆ ನಿಂತುಬಿಡುತ್ತದೆ. ನಮ್ಮ ಕೆಂದ ಹಸುವಿನ ಕರುವನ್ನು ಚಿರತೆ ಹಿಡಿದಾಗ ಹಸು ಹಾಲು ಇಳಿಸಲೇ ಇಲ್ಲ. ಆಗಿನ್ನೂ ಬದುಕಿದ್ದ ನಿಮ್ಮವ್ವ ಮೂಗಮ್ಮ ಬೆಲ್ಲ ತಿನ್ನಿಸಿದಳು, ಬೆನ್ನು ಸವರಿದಳು, ಹಾಡಿದಳು. ಕೆಚ್ಚಲು ತುಂಬಿದ್ದರೂ ಒಂದು ಹನಿ ಕೊಡಲಿಲ್ಲ. ಅದನ್ನೆಲ್ಲ ಒಪ್ಪುತ್ತೇನೆ. ಆದರೆ ಅವು ಮೂಕ ಪ್ರಾಣಿಗಳು, ನೀನು ಹತ್ತನೇ ಕ್ಲಾಸು ಪಾಸಾದವಳು. ಸಾವಿನ ಮನೆ ಯಾವುದು, ಮದುವೆ ಮನೆ ಯಾವುದು ಎಂದು ಗೊತ್ತಿಲ್ಲವೇ?

ನನ್ನ ಅಂಗೈ ವಾಸಿಯಾಯಿತು. ಆದರೆ ರಸ್ತೆಯಲ್ಲಿ ಟೆಂಪೊ ಗೇರು ಬದಲಾಯಿಸುವ ಸದ್ದು ಕೇಳಿದರೆ ಆ ಕೈ ನಡುಗಲು ಶುರುವಾಗುತ್ತದೆ. ಹಿಡಿದುಕೊಂಡರೆ ಹಿಡಿದ ಕೈಯೂ ನಡುಗುತ್ತದೆ. ರಸ್ತೆ ಪಕ್ಕದ ಮನೆ, ದಿನಕ್ಕೆ ಎಷ್ಟು ಟೆಂಪೊ ಓಡುತ್ತವೆ ಎಂದು ನಿನಗೇ ಗೊತ್ತು. ಮೊನ್ನೆ ನಿಮ್ಮಣ್ಣನ ಮಗಳು ಪುಟ್ಟಿ ಹರ್ಷಿತಾಳಿಗೆ ಕಾಫಿ ಕೊಡಲು ಹೋಗಿ ಅವಳ ಕಾಲ ಮೇಲೆ ಚೆಲ್ಲಿದೆ. ‘ತಾತನ್ ಕೈ ತಾತನ್ ಮಾತ್ ಕೇಳಕ್ಕಿಲ್ಲ’ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಅದು ಬೇರೆ, ನಿನ್ನ ನಗು ಬೇರೆ.

ರಾಚಯ್ಯ


ಹರದನಹಳ್ಳಿ
3 ಜುಲೈ 2025

ಅಪ್ಪಾ,

ಎರಡು ತಿಂಗಳು ನಾನು ಬರೆಯಲಿಲ್ಲ. ನಿನ್ನ ಕೊನೆಯ ಸಾಲು ಓದಿ ಕೋಪ ಬಂದಿತ್ತು. ಈಗ ಉತ್ತರ ಸಿಕ್ಕಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಒಬ್ಬ ತಾಯಿ ತನ್ನ ಹುಡುಗನನ್ನು ಎತ್ತಿಕೊಂಡು ಅಂಗನವಾಡಿಗೆ ಬಂದಳು. ಹುಡುಗನಿಗೆ ಮಂಗನಬಾವು. ಎರಡು ಕೆನ್ನೆಯೂ ಊದಿ ಬನ್ನಿನ ಹಾಗಾಗಿದ್ದವು. ಅರಿಸಿನ ಹಚ್ಚಿ, ಗದ್ದದ ಕೆಳಗಿನಿಂದ ಬಟ್ಟೆ ತಂದು ನೆತ್ತಿಯ ಮೇಲೆ ಗಂಟು ಹಾಕಿದ್ದಳು. ಗಂಟಿನ ಎರಡು ತುದಿ ಮೇಲಕ್ಕೆ ನಿಂತಿದ್ದವು. ನೋಡಿದೆ, ಅಷ್ಟೇ. ಹೊಟ್ಟೆಯಿಂದ ಅದೇ ನಗು ಎದ್ದು ಬಂತು. ಓಡಿ ಹೋಗಿ ನೀರಿನ ಟ್ಯಾಂಕಿನ ಹಿಂದೆ ಕೂತೆ. ಪುಟ್ಟಬಸಮ್ಮ ಹಿಂದೆಯೇ ಬಂದು, ‘ಇದೇನಮ್ಮಿ, ನಗ್ತಿದ್ದೀಯಾ ಅಳ್ತಿದ್ದೀಯಾ?’ ಎಂದು ಕೇಳಿದಳು. ಮುಖ ಮುಟ್ಟಿ ನೋಡಿಕೊಂಡೆ, ಒದ್ದೆಯಾಗಿತ್ತು. ಆಮೇಲೆ ನೆನಪಾಯಿತು.

ನಿನಗೂ ನೆನಪಿರಬೇಕು. ಶಾಂತಣ್ಣ ಮೂರನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಮಂಗನಬಾವು ಬಂದು, ಅವ್ವ ಅವನ ಗದ್ದಕ್ಕೆ ಇದೇ ಥರ ಬಟ್ಟೆ ಕಟ್ಟಿದ್ದಳು. ಅವನು ನೋವನ್ನು ಮರೆತು ನನ್ನನ್ನು ನಗಿಸಲು ಆ ಎರಡು ತುದಿಯನ್ನು ಕಿವಿಯ ಹಾಗೆ ನೆಟ್ಟಗೆ ಮಾಡಿಕೊಂಡು ಅಂಗಳದ ತುಂಬ ಮೊಲದಂತೆ ನೆಗೆದಿದ್ದ. ನಾನು ನಕ್ಕು ನಕ್ಕು ಬಿದ್ದುಬಿಟ್ಟೆ. ನೀನು ಡ್ಯೂಟಿ ಮುಗಿಸಿ ಬಂದವನು ಸೈಕಲ್ ಹಿಡಿದುಕೊಂಡೇ ನಕ್ಕೆ.

ಅವನು ಸತ್ತ ದಿನ ಬಾಯಿ ತೆರೆಯದಿರಲಿ ಎಂದು ಅವನ ಗದ್ದಕ್ಕೆ ಬಟ್ಟೆ ಕಟ್ಟಿದ್ದಿರಲ್ಲ, ಗಂಟಿನ ಎರಡು ತುದಿ ಹಾಗೆಯೇ ನಿಂತಿದ್ದವು. ಅದೇ ಅಂಗಳ. ನನ್ನ ತಲೆಗೆ ಅವನು ಸತ್ತಿದ್ದು ಗೊತ್ತಿತ್ತು, ನನ್ನ ಹೊಟ್ಟೆಗೆ ಮೊಲ ಮಾತ್ರ ಗೊತ್ತಿತ್ತು. ನೆನಪು ತಲೆಗೆ ಬರಲು ಇಷ್ಟು ತಿಂಗಳು ಹಿಡಿಯಿತು, ಮೈಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಅವನು ನಗಿಸುತ್ತಿದ್ದಾನೆ ಎಂದುಕೊಂಡು ಅದು ನಕ್ಕಿತು, ಅಪ್ಪಾ. ಅವನ ಮೇಲಿನ ಅಕ್ಕರೆಯಿಂದ ಬಂದ ನಗು ಅದು.

ಇದನ್ನು ಅತ್ತಿಗೆಗೂ ಓದಿ ಹೇಳು. ಅವಳಿಗೆ ಗೊತ್ತಾಗಲಿ.

ವನಿತಾ


ಹಂಗಳ
22 ಜುಲೈ 2025

ವನಿತಾ,

ನಾನು ಶಿವಲಕ್ಷ್ಮಿ. ಮಾವ ಕಾಗದ ಓದಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಉಳಿದಿದ್ದನ್ನು ನಾನೇ ಓದಿಕೊಂಡೆ.

ಆ ಬಟ್ಟೆ ಕಟ್ಟಿದ್ದು ನಾನು. ಆಸ್ಪತ್ರೆಯವರು ಕಟ್ಟಿದ್ದು ದಾರಿಯಲ್ಲಿ ಸಡಿಲವಾಗಿ ಬಾಯಿ ತೆರೆದುಕೊಂಡಿತ್ತು. ಗಂಡಸರು ಮುಟ್ಟಲು ಹಿಂದೆಮುಂದೆ ನೋಡಿದರು. ನಾನು ಉಟ್ಟ ಸೀರೆಯ ಸೆರಗು ಹರಿದು, ಗದ್ದ ಎತ್ತಿ ಹಿಡಿದು, ಗಂಟು ಹಾಕಿದೆ. ನನ್ನ ಗಂಡನಿಗೆ ನಾನು ಮಾಡಿದ ಕೊನೆಯ ಕೆಲಸ ಅದು. ಗಂಟು ಸೊಟ್ಟಗಾಯಿತು. ಜನ ನೋಡಿ ಆಡಿಕೊಳ್ಳುತ್ತಾರೇನೋ ಎಂದು ಆಗಲೇ ಅಂದುಕೊಂಡಿದ್ದೆ.

ಇಷ್ಟು ದಿನ ನೀನು ಯಾತಕ್ಕೆ ನಕ್ಕೆ ಎಂದು ಗೊತ್ತಿರಲಿಲ್ಲ. ಈಗ ನಾನು ಕಟ್ಟಿದ ಗಂಟು ನೋಡಿ ನಕ್ಕೆ ಎಂದು ಗೊತ್ತಾಯಿತು. ಇದನ್ನು ನೀನು ಬರೆಯದೇ ಇದ್ದರೆ ಚೆನ್ನಾಗಿತ್ತು.

ಮೊಲದ ವಿಷಯ ನನಗೆ ಅವರು ಯಾವತ್ತೂ ಹೇಳಿರಲಿಲ್ಲ.

ಹಬ್ಬಕ್ಕೆ ಬರಬೇಡ.

ಶಿವಲಕ್ಷ್ಮಿ


ಹಂಗಳ
25 ಆಗಸ್ಟ್ 2025

ವನಿತಾಳಿಗೆ,

ನಿನ್ನ ಅತ್ತಿಗೆ ನಿನಗೆ ಬರೆದದ್ದು ಆಮೇಲೆ ಗೊತ್ತಾಯಿತು. ಅವಳನ್ನು ಬಯ್ಯಲು ನನಗೆ ಬಾಯಿಲ್ಲ.

ಮೊಲ ನನಗೆ ನೆನಪಿದೆ. ಸೈಕಲ್ ಹಿಡಿದುಕೊಂಡು ನಕ್ಕಿದ್ದೂ ನೆನಪಿದೆ. ನೀನು ಬರೆಯುವವರೆಗೆ ನೆನಪಿರಲಿಲ್ಲ.

ಬರುವ ಸೋಮವಾರ ಮಾದಪ್ಪನ ಬೆಟ್ಟಕ್ಕೆ ಹೋಗುತ್ತೇನೆ. ತಪ್ಪು ಕಾಣಿಕೆ ಹಾಕಿ ಆಣೆ ಬಿಡಿಸಿಕೊಂಡು ಬರುತ್ತೇನೆ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಬಾ. ಮಾತಾಡನ.

ಅಪ್ಪ


ಹರದನಹಳ್ಳಿ
10 ಸೆಪ್ಟೆಂಬರ್ 2025

ಅಪ್ಪಾ,

ಬಸ್‌ಸ್ಟ್ಯಾಂಡಿನಿಂದ ಬಂದು ಎಂಟು ದಿನ ಕಾದೆ. ನೀನೇ ಬರೆಯುತ್ತೀಯ ಎಂದುಕೊಂಡಿದ್ದೆ.

ನಿನ್ನ ಕಾಗದದ ಕೆಳಗೆ ‘ರಾಚಯ್ಯ’ ಹೋಗಿ ‘ಅಪ್ಪ’ ಬಂದಿದ್ದನ್ನು ನೋಡಿ ನಾನು ಆವತ್ತು ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ನೀನು ಬೆಟ್ಟದ ಬಸ್ಸಿಳಿದೆ. ತಲೆ ಬೋಳಿಸಿಕೊಂಡಿದ್ದೆ, ಹಣೆಯ ತುಂಬ ವಿಭೂತಿ. ನನ್ನ ಕೈಗೆ ಪ್ರಸಾದದ ಪೊಟ್ಟಣ ಕೊಟ್ಟೆ. ಬಾಯಿ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ‘ಕೂತ್ಕೋ ಅಪ್ಪಾ’ ಎಂದರೆ ಕೂತೆ. ಟೀ ತಂದರೆ ಕುಡಿದೆ. ಪಕ್ಕದಲ್ಲಿ ಕೂತಿದ್ದ ಯಾರೋ ಅಜ್ಜಿಗೆ ‘ಕೊಳ್ಳೇಗಾಲದ್ ಬಸ್ಸು ಆ ಕಡೆ ನಿಲ್ತದೆ ಓಗವ್ವ’ ಎಂದೆ. ಅಜ್ಜಿಯ ಜೊತೆ ನಿನಗೆ ಮಾತು ಬಂತು, ನನ್ನ ಜೊತೆ ಬರಲಿಲ್ಲ. ಆಮೇಲೆ ಗುಂಡ್ಲುಪೇಟೆ ಬಸ್ಸು ಬಂದಿದ್ದೇ ಹತ್ತಿಬಿಟ್ಟೆ. ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ.

ಮಾದಪ್ಪ ಬಿಟ್ಟರೂ ನೀನು ಬಿಡುವುದಿಲ್ಲ ಎಂದು ತಿಳಿಯಿತು. ಇನ್ನು ನಾನು ಬರೆಯುವುದಿಲ್ಲ. ಹಬ್ಬಕ್ಕೂ ಬರುವುದಿಲ್ಲ. ಅಣ್ಣನಿಗೆ ಎಡೆ ಇಡುವಾಗ ನನ್ನ ಪಾಲಿನದು ಒಂದು ಕಜ್ಜಾಯ ಇಡು. ಅವನಿಗೆ ಅಂಚು ಕೆಂಪಗೆ ಗರಿಗರಿಯಾಗಿದ್ದರೆ ಇಷ್ಟ ಎಂದು ಅತ್ತಿಗೆಗೆ ಗೊತ್ತೋ ಇಲ್ಲವೋ.

ವನಿತಾ


ಹಂಗಳ
28 ಸೆಪ್ಟೆಂಬರ್ 2025

ಮಗಳಿಗೆ,

ಬರೆಯುವುದಿಲ್ಲ ಎಂದು ನೀನು ಆಣೆ ಇಟ್ಟಿಲ್ಲ, ಬರೀ ಹೇಳಿದ್ದೀಯ. ಅದಕ್ಕೆ ಇದನ್ನು ಓದುತ್ತೀಯ ಎಂದುಕೊಂಡಿದ್ದೇನೆ.

ಆವತ್ತು ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಲು ನಾನು ಪಟ್ಟ ಪಾಡು ಮಾದಪ್ಪನಿಗೇ ಗೊತ್ತು. ಹೇಳಬೇಕಾದದ್ದನ್ನು ಬೆಟ್ಟದಿಂದ ಇಳಿಯುವಾಗಲೇ ಜೋಡಿಸಿಕೊಂಡಿದ್ದೆ. ನಿನ್ನ ಮುಖ ಕಂಡಿದ್ದೇ ತಡ, ಗಂಟಲಿಗೆ ಯಾರೋ ಮುದ್ದೆ ತುರುಕಿದ ಹಾಗಾಯಿತು. ಅಜ್ಜಿಗೆ ಆಡಿದ ಮಾತು ಸಲೀಸಾಗಿ ಬಂತು, ನಿನ್ನ ಕಡೆ ತಿರುಗಿದರೆ ಮತ್ತೆ ಕಟ್ಟಿತು. ಕಿಟಕಿಯಿಂದ ನೋಡಲಿಲ್ಲ ಎಂದಿದ್ದೀಯ. ನನ್ನ ಕೈ ನಡುಗುತ್ತಿತ್ತು, ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ದೇವರಿಗೆ ಸೇರಿದ ಅರ್ಧ ಆಣೆ ದೇವರು ಬಿಟ್ಟ. ಹೆಣಕ್ಕೆ ಸೇರಿದ ಅರ್ಧವನ್ನು ಬಿಡಿಸಿಕೊಳ್ಳುವುದು ಹೇಗೆ? ಹಬ್ಬದ ದಿನ ಅವನನ್ನೇ ಕೇಳಬೇಕು ಎಂದುಕೊಂಡೆ.

ಎಡೆ ಇಟ್ಟೆವು. ಹೊಸ ಪಂಚೆ, ಮಾಂಸದ ಸಾರು, ಮುದ್ದೆ, ಬೀಡಿ. ನಿನ್ನ ಕಜ್ಜಾಯವನ್ನು ಶಿವಲಕ್ಷ್ಮಿಯೇ ಮಾಡಿದಳು. ಅಂಚು ಗರಿಗರಿಯಾಗುವಂತೆ ಕರಿದಿದ್ದಳು. ನಿನ್ನ ಕಾಗದ ನಾನು ಅವಳಿಗೆ ತೋರಿಸಿರಲಿಲ್ಲ, ಹೇಗೋ ಓದಿದ್ದಾಳೆ. ಕರ್ಪೂರ ಹಚ್ಚಿ ಕೈ ಮುಗಿದು ಕೂತೆ. ‘ಬುಟ್ಬುಡಪ್ಪ ಮಗ’ ಎಂದು ಮನಸ್ಸಿನಲ್ಲೇ ಕೇಳಿದೆ. ಏನೂ ಆಗಲಿಲ್ಲ.

ಆಗ ಶಿವಲಕ್ಷ್ಮಿ ಗೋಡೆ ನೋಡಿಕೊಂಡು ಕೇಳಿದಳು, ‘ಮಾವ, ಅವ್ರು ಎಂಗ್ ನೆಗೀತಿದ್ರು?’

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಬಾಯಲ್ಲಿ ಹೇಳಲು ಹೋದೆ. ಅದು ಬಾಯಲ್ಲಿ ಹೇಳುವಂಥದ್ದಲ್ಲ. ಹೆಗಲ ಮೇಲಿನ ಟವಲ್ ತೆಗೆದು ಗದ್ದದಿಂದ ನೆತ್ತಿಗೆ ಕಟ್ಟಿಕೊಂಡೆ. ತುದಿ ಎರಡನ್ನೂ ನೆಟ್ಟಗೆ ನಿಲ್ಲಿಸಿದೆ. ಕುಕ್ಕರುಗಾಲಲ್ಲಿ ಕೂತು ಎಡೆಯ ಮುಂದೆ ಒಂದು ಸಲ ನೆಗೆದೆ, ಇನ್ನೊಂದು ಸಲ ನೆಗೆದೆ. ಮೂರನೆಯದಕ್ಕೆ ಮುಗ್ಗರಿಸಿ ಬಿದ್ದೆ. ಹರ್ಷಿತಾ ಕೇಕೆ ಹಾಕಿ ನಕ್ಕಳು. ಶಿವಲಕ್ಷ್ಮಿಯೂ ನಕ್ಕಳು.

ಅವಳ ನಗು ನಿಲ್ಲಲಿಲ್ಲ, ವನಿತಾ. ಸೆರಗು ಕಚ್ಚಿಕೊಂಡಳು, ಕಂಬ ಹಿಡಿದುಕೊಂಡಳು, ನೆಲಕ್ಕೆ ಕುಸಿದಳು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಗು ಹೆದರಿ ಅಳಲು ಶುರು ಮಾಡಿತು. ಆವತ್ತು ನೀನು ಹೇಗೆ ನಕ್ಕೆಯೋ ಅದೇ ನಗು, ಅದೇ ಸದ್ದು. ಮಧ್ಯೆ ಉಸಿರು ಎಳೆದುಕೊಂಡು, ‘ಮಾವ, ನಿಲ್ತಾ ಇಲ್ಲ, ನಿಲ್ತಾ ಇಲ್ಲ’ ಎಂದಳು.

ಸದ್ದು ಕೇಳಿ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅವರ ಹಿಂದೆ ಚಿಕ್ಕಬೀರಯ್ಯನೂ ಬಂದ. ಗಂಡ ಸತ್ತು ವರ್ಷ ತುಂಬಿಲ್ಲ, ಎಡೆಯ ಮುಂದೆ ಹೊರಳಾಡಿ ನಗುವ ಹೆಂಗಸನ್ನು ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. ಚಿಕ್ಕಬೀರಯ್ಯ ಏನೋ ಹೇಳಲು ಬಾಯಿ ತೆರೆದ. ನಾನು ಟವಲ್ ಕಟ್ಟಿಕೊಂಡೇ ಎದ್ದು ಹೋಗಿ ಅವರ ಮುಖದ ಮೇಲೆ ತಲೆಬಾಗಿಲು ಹಾಕಿ ಚಿಲಕ ಇಟ್ಟೆ. ಆಮೇಲೆ ಅವಳ ಪಕ್ಕದಲ್ಲಿ ಕೂತೆ. ನಗು ಯಾವಾಗ ಅಳುವಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಸಂಜೆಯವರೆಗೆ ಅತ್ತಳು.

ಶಿವಲಕ್ಷ್ಮಿ ನಿನ್ನ ಹೆಸರು ಇನ್ನೂ ಎತ್ತಿಲ್ಲ. ನಿನ್ನೆ ನಿನಗೆ ಫೋನ್ ಮಾಡೋಣ ಎಂದು ನಂಬರ್ ಒತ್ತಿ, ಗಂಟಲು ಕಟ್ಟಿದ್ದು ಗೊತ್ತಾಗಿ ಇಟ್ಟೆ. ನಿನ್ನ ಜೊತೆ ನನಗೆ ಇನ್ನು ಮಾತು ಬರುತ್ತದೋ ಇಲ್ಲವೋ, ನನಗೆ ವಯಸ್ಸಾಗಿದೆ. ಅದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಅಂಗನವಾಡಿಯ ಮಗುವನ್ನು ನೀನು ಒಳಗೆ ಕರೆದುಕೊಂಡು ಹೋಗುತ್ತೀಯಲ್ಲ, ಆವತ್ತು ನಾನೂ ನಿನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಬೇಕಿತ್ತು ಕಣಮ್ಮಿ. ನಾನು ಕರ್ಪೂರ ಮುಟ್ಟಿದೆ.

ಅಪ್ಪ